ಊರಿಗೆ ಹೋಗಿ ಹೇಳಿ ಕಳಿಸ್ತೀವಿ

ಗುರುವಿನ ಅಕ್ಕ ಚಿನ್ನಮ್ಮನ ಬೆರಳ ತುದಿಗಳು ಯಾವಾಗ ನೋಡಿದರೂ ಈಗಷ್ಟೇ ರಾಶಿ ಬಟ್ಟೆ ಒಗೆದು ಬಂದವಳ ಬೆರಳಿನ ಹಾಗೆ ಬೆಳ್ಳಗೆ, ನೆರಿಗೆ ನೆರಿಗೆಯಾಗಿ ಇರುತ್ತಿದ್ದವು. ತಿ. ನರಸೀಪುರದ ಒಂದು ಖಾಸಗಿ ಶೆಡ್ಡಿನಲ್ಲಿ ರೇಷ್ಮೆ ನೂಲು ಬಿಚ್ಚುವುದು ಅವಳ ಕೆಲಸ. ಬಿಸಿನೀರಿನ ಬೇಸಿನ್ನಿನ ಮುಂದೆ ಕೂತು, ಬೆಂದ ಗೂಡಿನಿಂದ ಎಳೆಯ ತುದಿಯನ್ನು ಬೆರಳಲ್ಲೇ ಹುಡುಕಿ ರಾಟೆಗೆ ಕೊಡಬೇಕು. ಅಪ್ಪ ಮಂಟೇಸ್ವಾಮಿ ತೀರಿಕೊಂಡ ವರ್ಷ, ಇನ್ನೂ ಲಂಗ ದಾವಣಿಯಲ್ಲಿದ್ದಾಗಲೇ, ಅವಳು ಆ ಬೇಸಿನ್ನಿನ ಮುಂದೆ ಕೂತಿದ್ದಳು. ಆಮೇಲೆ ಅವಳ ಪಕ್ಕದಲ್ಲಿ ಕೂತ ಹುಡುಗಿಯರೆಲ್ಲ ಒಬ್ಬೊಬ್ಬರಾಗಿ ಮದುವೆಯಾಗಿ ಎದ್ದು ಹೋದರು. ಚಿನ್ನಮ್ಮ ಕೂತೇ ಇದ್ದಳು. ಅವಳು ಕೂತಿದ್ದರಿಂದಲೇ ಗುರು ಐಟಿಐ ಮುಗಿಸಿದ.

ಐಟಿಐ ಮುಗಿಸಿ ಗುರು ಏನಾದ ಎಂದರೆ, ನಂಜನಗೂಡಿನ ಕೈಗಾರಿಕಾ ಪ್ರದೇಶದ ರಟ್ಟಿನ ಪೆಟ್ಟಿಗೆ ಕಾರ್ಖಾನೆಯಲ್ಲಿ ‘ಮೆಷಿನ್ ಆಪರೇಟರ್’ ಆದ. ಊರಿನಲ್ಲಿ ಈ ಎರಡು ಪದಗಳನ್ನು ಅವನು ಎದೆ ಮುಂದೆ ಮಾಡಿ ಹೇಳುತ್ತಿದ್ದ. ಕಾರ್ಖಾನೆಯ ಒಳಗೆ ಅದರ ಅರ್ಥ ಬೇರೆಯೇ ಇತ್ತು. ಹಸಿರು ಗುಂಡಿ ಒತ್ತಿದರೆ ಮೆಷಿನ್ ಓಡುತ್ತದೆ, ಕೆಂಪು ಗುಂಡಿ ಒತ್ತಿದರೆ ನಿಲ್ಲುತ್ತದೆ. ಎರಡರ ನಡುವೆ ಆಪರೇಟರಿಗೆ ಮಾಡಲು ಏನೂ ಇರುವುದಿಲ್ಲವಾದ್ದರಿಂದ ಅವನು ಯೋಚನೆ ಮಾಡುತ್ತಿದ್ದ. ಅವನ ಬದುಕಿನ ಕೆಟ್ಟ ಯೋಚನೆಗಳೆಲ್ಲ ಹುಟ್ಟಿದ್ದು ಆ ಎರಡು ಗುಂಡಿಗಳ ನಡುವೆಯೇ.

ಚಿನ್ನಮ್ಮನನ್ನು ನೋಡಲು ಗಂಡಿನ ಕಡೆಯವರು ಬಾರದೆ ಇರಲಿಲ್ಲ. ಬಂದವರು ಮೊದಲು ಮುಖ ನೋಡುತ್ತಿದ್ದರು, ಆಮೇಲೆ ಕಾಫಿ ಲೋಟ ಈಸಿಕೊಳ್ಳುವಾಗ ಕೈ ನೋಡುತ್ತಿದ್ದರು. ಮುಖಕ್ಕೆ ಪೌಡರ್ ಹಚ್ಚಬಹುದು, ಬೆರಳಿಗೆ ಏನು ಹಚ್ಚುವುದು? ‘ಏನಾರ ಚರ್ಮದ ಕಾಯಿಲೆನಾ?’ ಎಂದು ಒಬ್ಬಾಕೆ ಪಿಸುಗುಟ್ಟಿದ್ದು ಅಡುಗೆಮನೆಗೂ ಕೇಳಿಸಿತ್ತು. ಯಾರೂ ಮುಖಕ್ಕೆ ಹೊಡೆದ ಹಾಗೆ ಬೇಡ ಎನ್ನುತ್ತಿರಲಿಲ್ಲ. ಉಪ್ಪಿಟ್ಟು ಕೇಸರಿಬಾತ್ ಮುಗಿಸಿ, ಎಲೆಅಡಿಕೆ ಮೆಲ್ಲುತ್ತಾ, ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುವಾಗ ಎಲ್ಲರೂ ಒಂದೇ ಮಾತು ಹೇಳುತ್ತಿದ್ದರು: ‘ಬತ್ತೀವಿ. ಊರ್ಗೋಗಿ ಹೇಳಿ ಕಳಿಸ್ತೀವಿ.’ ಒಪ್ಪಿದವರೂ ಅದನ್ನೇ ಹೇಳುತ್ತಾರೆ, ಒಪ್ಪದವರೂ ಅದನ್ನೇ ಹೇಳುತ್ತಾರೆ. ಚಿನ್ನಮ್ಮನ ಮನೆಗೆ ಮಾತ್ರ ಆಮೇಲೆ ಯಾರೂ ಏನೂ ಹೇಳಿ ಕಳಿಸಿರಲಿಲ್ಲ.

ಒಂದು ಯುಗಾದಿ ಕಳೆದ ಮೇಲೆ ಬಂದವರು ಹೀಗೇ ಹೇಳಿ ಹೋದ ಸಂಜೆ ಅವಳು ತಟ್ಟೆಗಳನ್ನು ತೊಳೆದು ಬೋರಲು ಹಾಕಿ, ಸೆರಗಿಗೆ ಕೈ ಒರೆಸಿಕೊಂಡು ಅವ್ವನ ಮುಂದೆ ನಿಂತಳು.

‘ಅವ್ವೋ, ಇನ್ಮೇಲೆ ಕೇಸರಿಬಾತ್ ಮಾಡುದ್ರೆ ನಾವ್ ಮೂರ್ ಜನ ತಿನ್ನಕ್ಕೆ ಮಾಡು. ತಟ್ಟೆ ಇಡ್ಕೊಂಡು ಯಾರ್ ಮುಂದ್ಗೂ ನಾನ್ ಬರಕಿಲ್ಲ. ಬಂದ್ಬಂದ್ ನೋಡ್ಕೊಂಡೋಗಕ್ಕೆ ನಾನೇನು ಮೈಸೂರ್ ಜೂನಾ?’

ಅವ್ವ ಮಾದಮ್ಮ ಅತ್ತಳು. ಗುರು ಅಕ್ಕನ ಪರವಾಗಿ ಒಂದು ಸಣ್ಣ ಭಾಷಣವನ್ನೇ ಮಾಡಿದ. ಹೆಣ್ಣನ್ನು ಹೀಗೆ ಪರೀಕ್ಷೆ ಮಾಡುವುದು ಅನಾಗರಿಕ, ಅಂಬೇಡ್ಕರ್ ಹುಟ್ಟಿದ ನಾಡಿನಲ್ಲಿ ಇದೆಲ್ಲ ನಡೆಯಬಾರದು ಎಂದ. ಬಹಳ ಚೆನ್ನಾಗಿ ಮಾತಾಡಿದೆನೆಂದು ರಾತ್ರಿ ಮಲಗುವಾಗ ಅವನಿಗೇ ಅನ್ನಿಸಿತು.

ಆ ಭಾಷಣ ಬಾಳಿದ್ದು ಮುಂದಿನ ಮಳೆಗಾಲದವರೆಗೆ. ಆಗ ಕಾರ್ಖಾನೆಯ ಲೇಬಲ್ ಅಂಟಿಸುವ ವಿಭಾಗಕ್ಕೆ ಕವನ ಎಂಬ ಹುಡುಗಿ ಸೇರಿದಳು. ಮೊದಲು ಮಿಸ್ ಕಾಲ್ ಶುರುವಾಯಿತು. ಆಮೇಲೆ ಭಾನುವಾರ ನಂಜನಗೂಡಿನ ಹೊಳೆ ದಂಡೆಯಲ್ಲಿ ಕಡ್ಲೆಕಾಯಿ ತಿನ್ನುವುದು ಶುರುವಾಯಿತು. ಕೊನೆಗೆ ಕವನಳ ಅಪ್ಪನ ಮಾತು ಬಂತು. ‘ಉಡುಗ ಪರ್ವಾಗಿಲ್ಲ. ಆದ್ರೆ ಮನೇಲಿ ಅಕ್ಕನ್ ಕೂರಿಸ್ಕೊಂಡು ತಮ್ಮ ತಾಳಿ ಕಟ್ಟಕ್ಕೆ ಬತ್ತಾನಾ? ಮೊದ್ಲು ಅಕ್ಕನ್ ದಾರಿ ಮಾಡ್ಲಿ.’

ಅಂದಿನಿಂದ ಹಸಿರು ಗುಂಡಿಗೂ ಕೆಂಪು ಗುಂಡಿಗೂ ನಡುವೆ ಗುರು ಅಕ್ಕನ ದಾರಿಯ ಬಗ್ಗೆಯೇ ಯೋಚಿಸತೊಡಗಿದ. ಅಕ್ಕನ ಬಗ್ಗೆ ಇಷ್ಟು ಕಾಳಜಿ ತನಗೆ ಇದ್ದಕ್ಕಿದ್ದ ಹಾಗೆ ಎಲ್ಲಿಂದ ಬಂತು ಎಂದು ಅವನು ತನ್ನನ್ನು ತಾನು ಕೇಳಿಕೊಳ್ಳಲಿಲ್ಲ. ಉತ್ತರ ಲೇಬಲ್ ಅಂಟಿಸುತ್ತಾ ಎದುರಿಗೇ ಕೂತಿತ್ತು.

ಲೋಡಿಂಗ್ ವಿಭಾಗದ ಪುಟ್ಟರಾಜು ಕವಲಂದೆಯವನು. ಅವನ ಅಕ್ಕ ಮಹದೇವಮ್ಮನ ಮಗ ರವಿಕುಮಾರ್ ಒಂದು ಆಫೀಸಿನಲ್ಲಿ ಅಟೆಂಡರ್. ಮೂವತ್ತು ದಾಟಿದ್ದ, ಮದುವೆ ಕೂಡಿ ಬಂದಿರಲಿಲ್ಲ. ಟೀ ಹೊತ್ತಿನಲ್ಲಿ ಪುಟ್ಟರಾಜು ದಾರಿ ಹೇಳಿಕೊಟ್ಟ.

‘ನಿಮ್ಮಕ್ಕ ಮನೇಲಿ ನೋಡಕ್ಕೆ ಒಪ್ಪಕಿಲ್ಲ, ಅಷ್ಟೇ ತಾನೆ? ಪಾರ್ಕಲ್ಲಿ ನೋಡುದ್ರಾಯ್ತು ಬುಡು. ಈಗ ಸಿಟಿಯೋರೆಲ್ಲ ಅಂಗೇ ಮಾಡೋದು. ನೀನು ಅವ್ಳನ್ನ ಸುತ್ತಾಡ್ಸಕ್ಕೆ ಅಂತ ಕಾರಂಜಿ ಕೆರೆಗೆ ಕರ್ಕೊಂಡು ಬಾ. ನಾವು ಬೆಂಚ್ ಮೇಲೆ ಕುಂತಿರ್ತೀವಿ. ಒಪ್ದೇ ಓದ್ರೂ ಉಡುಗಿ ಎಸ್ರು ಕೆಡಕಿಲ್ಲ, ನಿಮ್ಗೂ ಉಪ್ಪಿಟ್ಟಿನ್ ಖರ್ಚಿಲ್ಲ.’

‘ಅವ್ಳಿಗೆ ಗೊತ್ತಾದ್ರೆ ಪುಟ್ಟರಾಜಣ್ಣ?’

‘ಯಾರ್ ಹೇಳ್ಬೇಕು? ನೀನೊಬ್ಬ ಬಾಯ್ ಮುಚ್ಕೊಂಡಿದ್ರೆ ಆಯ್ತು. ನಮ್ ಮುಂದೆ ಒಸಿ ನಡೆಸು, ಒಸಿ ಮಾತಾಡ್ಸು, ಒಸಿ ನಗಿಸು. ಕೈ ಮಾತ್ರ ಆದಷ್ಟು ಕಾಣ್ದಂಗೆ ನೋಡ್ಕೊ.’

‘ಹಲ್ಲು ನೋಡಲ್ವಾ?’ ಎಂದು ಗುರು ಕೊಂಕು ನುಡಿದ.

ಪುಟ್ಟರಾಜು ಅದನ್ನು ನಿಜವಾಗಿಯೇ ಯೋಚಿಸಿ, ‘ನಗಿಸುದ್ರೆ ಕಾಣ್ತವಲ್ಲ’ ಎಂದ.

ಗುರು ಎದ್ದು ಹೋಗಿ ಹಸಿರು ಗುಂಡಿ ಒತ್ತಿದ.

ಅವ್ವನಿಗೆ ಹಿತ್ತಿಲಲ್ಲಿ ಗುಟ್ಟಾಗಿ ಹೇಳಿದ. ಅವಳು ಮಗನ ಮುಖ ನೋಡದೆ, ‘ದೇವ್ರು ಒಳ್ಳೇದ್ ಮಾಡ್ಲಿ’ ಎಂದು ಕೋಳಿಗೆ ಕಾಳು ಹಾಕತೊಡಗಿದಳು. ಆಮೇಲೆ ಅವನು ಅಕ್ಕನ ಬಳಿ ಬಂದ.

‘ಅಕ್ಕ, ಬರೋ ಭಾನುವಾರ ಮೈಸೂರ್ಗೋಗಮ. ಅಲ್ಲಿ ಕಾರಂಜಿ ಕೆರೆ ಪಾರ್ಕ್ ಅದೆ. ಹಕ್ಕಿ, ಚಿಟ್ಟೆ, ಬೋಟು ಎಲ್ಲಾ ಅವೆ.’

‘ನಾನಾ? ಯಾಕ್ಲಾ?’

‘ಸುಮ್ನೆ.’

‘ಸುಮ್ನೆನಾ?’

ಚಿನ್ನಮ್ಮ ಆ ಮಾತನ್ನು ಬಾಯಲ್ಲಿ ಒಂದು ಸುತ್ತು ತಿರುಗಿಸಿ ನೋಡಿದಳು. ಅವಳು ಊರು ಬಿಟ್ಟು ಹೋದದ್ದೆಲ್ಲ ಮದುವೆಗೆ, ಸಾವಿಗೆ, ಇಲ್ಲವೇ ಆಸ್ಪತ್ರೆಗೆ. ಸುಮ್ಮನೆ ಎಂದು ಎಲ್ಲಿಗೂ ಹೋಗಿರಲಿಲ್ಲ. ಮಾರನೆಯ ದಿನ ಶೆಡ್ಡಿನಲ್ಲಿ ಪಕ್ಕದ ಬೇಸಿನ್ನಿನವರಿಗೆ, ಎದುರು ಬೇಸಿನ್ನಿನವರಿಗೆ, ಕೊನೆಗೆ ಗೂಡು ತೂಕ ಹಾಕುವ ಮೇಸ್ತ್ರಿಗೂ ಹೇಳಿದಳಂತೆ: ‘ನನ್ ತಮ್ಮ ಪಾರ್ಕಿಗೆ ಕರ್ಕೊಂಡೋಯ್ತಾವ್ನೆ. ಏನೂ ಕೆಲ್ಸಕ್ಕಲ್ಲ, ಸುಮ್ನೆ!’ ಇದು ಗುರುವಿನ ಕಿವಿಗೆ ಬಿದ್ದಾಗ ಎದೆಯಲ್ಲಿ ಏನೋ ಚುಚ್ಚಿತು. ಊಟ ಸರಿಹೋಗಿಲ್ಲವೇನೋ ಎಂದುಕೊಂಡು ಒಂದು ಸೋಡಾ ಕುಡಿದ.

ಭಾನುವಾರ ಬೆಳಗ್ಗೆಯೇ ಮೊದಲ ತೊಡಕು ಬಂತು. ಹಸಿರು ಜರಿ ಅಂಚಿನ ಸೀರೆ ಉಟ್ಟಿರುತ್ತಾಳೆಂದು ಗುರು ಪುಟ್ಟರಾಜುವಿಗೆ ಗುರುತು ಹೇಳಿದ್ದ. ಚಿನ್ನಮ್ಮ ಮಾಸಿದ ಹಳದಿ ವಾಯಿಲ್ ಸೀರೆ ಉಟ್ಟು, ರೊಟ್ಟಿ ಡಬ್ಬಿ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು.

‘ಇದ್ಯಾಕೆ? ಹಸಿರುದ್ದು ಉಟ್ಕೊ.’

‘ಅದು ನಿಂತ್ಕೊಳೋ ಸೀರೆ ಕಣ್ಲಾ. ಗಂಡಿನ್ ಕಡೆಯೋರ್ ಮುಂದೆ ತಟ್ಟೆ ಇಡ್ಕೊಂಡು ನಿಂತು ನಿಂತು ಅದ್ಕೆ ಕೇಸರಿಬಾತ್ ವಾಸ್ನೆ ಬಂದದೆ. ನಾನಿವತ್ತು ಓಡಾಡ್ಬೇಕು.’

‘ನಾಲ್ಕ್ ಜನ ನೋಡೋ ಜಾಗ ಅಕ್ಕ!’

‘ನೋಡ್ಲಿ. ನಂಗೇನು?’

ಗುರು ರೇಗಿದ. ಅಕ್ಕನ ಮೇಲೆ ಯಾವತ್ತೂ ದನಿ ಎತ್ತದವನು ಸೀರೆಯ ವಿಷಯಕ್ಕೆ ಎತ್ತಿದ. ಚಿನ್ನಮ್ಮ ಅಚ್ಚರಿಯಿಂದ ಅವನನ್ನು ನೋಡಿ ನಕ್ಕುಬಿಟ್ಟಳು. ಅವನು ಬಸ್‌ಸ್ಟ್ಯಾಂಡಿನಲ್ಲಿ ಮೂತ್ರಕ್ಕೆಂದು ಮರೆಗೆ ಹೋಗಿ, ‘ಹಸಿರಲ್ಲ, ಹಳದಿ’ ಎಂದು ಪುಟ್ಟರಾಜುವಿಗೆ ಫೋನು ಮಾಡಿದ. ಸರಕು ಬದಲಾದಾಗ ಪಾರ್ಟಿಗೆ ತಿಳಿಸುವ ಮೇನೇಜರನ ದನಿಯೇ ತನ್ನ ಬಾಯಿಂದ ಬಂದದ್ದು ಕೇಳಿ ಅವನಿಗೆ ಮುಜುಗರವಾಯಿತು.

ಕಾರಂಜಿ ಕೆರೆಯ ಗೇಟಿನಲ್ಲಿ ಟಿಕೆಟ್ ಕೊಂಡಾಗ ಚಿನ್ನಮ್ಮ, ‘ಕಾಸ್ ಕೊಟ್ಟು ಮರ ನೋಡಕ್ಕೋದ್ವಿ ಅಂತ ಅವ್ವಂಗೆ ಹೇಳ್ಬೇಡ, ಉಗೀತಾಳೆ’ ಎಂದಳು. ಒಳಗೆ ಹೆಜ್ಜೆ ಇಟ್ಟವಳು ಚಪ್ಪಲಿ ಬಿಡಬೇಕೇನೋ ಎಂದು ಒಂದು ಕ್ಷಣ ಅನುಮಾನಿಸಿದಳು. ಬಿಡಬೇಕಿಲ್ಲ ಎಂದು ಗೊತ್ತಾದ ಮೇಲೆ ತಾನಾಗಿಯೇ ಬಿಟ್ಟು ಕೈಯಲ್ಲಿ ಹಿಡಿದುಕೊಂಡಳು. ಕೆರೆಯ ಸುತ್ತ ಬಿದಿರ ಮೆಳೆಗಳ ನೆರಳಿನಲ್ಲಿ ದಾರಿ ಸಾಗುತ್ತಿತ್ತು. ನೀರಿನ ನಡುವಿನ ಮರಗಳ ಮೇಲೆ ದೊಡ್ಡ ಕೊಕ್ಕಿನ ಹೆಜ್ಜಾರ್ಲೆಗಳು ಕೂತಿದ್ದವು.

‘ಅಷ್ಟ್ ದಪ್ಪ ಹಕ್ಕಿ ಇಷ್ಟ್ ಸಣ್ಣ ಕೊಂಬೆ ಮೇಲೆ ಕುಂತದಲ್ಲೋ! ನಮ್ ಮೇಸ್ತ್ರಿ ಸ್ಟೂಲ್ ಮೇಲೆ ಕುಂತಂಗೆ.’

ಹಕ್ಕಿಗಳ ಬಲೆಮನೆಯೊಳಗೆ ನವಿಲೊಂದು ದಾರಿಗೆ ಅಡ್ಡ ಬಂದಾಗ ಅವಳು ಸರಿದು ನಿಂತು, ‘ಓಗಪ್ಪ, ನೀನೇ ಮೊದ್ಲು’ ಎಂದಳು. ಗುರುವೂ ನಕ್ಕ. ಅಕ್ಕನ ಜೊತೆ ಹೀಗೆ ಕಾರಣವಿಲ್ಲದೆ ನಕ್ಕು ಎಷ್ಟು ವರ್ಷವಾಯಿತು ಎಂದು ಯೋಚಿಸಿದ. ನಗುವುದಕ್ಕೂ ಇವತ್ತು ಒಂದು ಕಾರಣವಿದೆ ಎಂಬುದು ಮರುಕ್ಷಣ ನೆನಪಾಯಿತು. ಜೇಬಿನ ಮೇಲೆ ಕೈ ಹೋಯಿತು. ಬಂದು ಕೂತಿದ್ದೇವೆಂದು ಪುಟ್ಟರಾಜು ಕೊಡಬೇಕಿದ್ದ ಮಿಸ್ ಕಾಲ್ ಇನ್ನೂ ಬಂದಿರಲಿಲ್ಲ.

ಚಿಟ್ಟೆಗಳ ತೋಟದಲ್ಲಿ ಚಿನ್ನಮ್ಮ ಮಾತು ನಿಲ್ಲಿಸಿದಳು. ಕರಿ ರೆಕ್ಕೆಯ ಒಂದು, ಹಳದಿಯ ಎರಡು, ಹೆಸರು ಗೊತ್ತಿಲ್ಲದ ಚುಕ್ಕೆಯವು ಹೂವಿನಿಂದ ಹೂವಿಗೆ ಹೋಗುತ್ತಿದ್ದವು. ಅವಳು ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದಳು.

‘ನಮ್ ಶೆಡ್ಗೆ ಒಂದೊಂದ್ಸಲ ತೂತು ಗೂಡು ಬತ್ತವೆ ಕಣ್ಲಾ. ಒಳಗಿನ್ ಹುಳ ಚಿಟ್ಟೆಯಾಗಿ ತೂತು ಮಾಡ್ಕೊಂಡು ಎದ್ದೋಗಿರ್ತದೆ. ಎಳೆ ತುಂಡಾಗಿರ್ತದಲ್ಲ, ನೂಲಿಗೆ ಬರಕಿಲ್ಲ ಅಂತ ಆಚ್ಗೆ ಎಸೀತೀವಿ. ಮೇಸ್ತ್ರಿ ಬಯ್ತಾನೆ. ನಂಗೆ ಮಾತ್ರ ಅದ್ ಕೈಗೆ ಸಿಕ್ದಾಗ ಒಳಗೊಳ್ಗೇ ಕುಸಿ ಆಯ್ತದೆ, ಒಂದಾದ್ರೂ ತಪ್ಪಿಸ್ಕೊಂತಲ್ಲ ಅಂತ.’ ಅವಳು ಬೆರಳುಗಳನ್ನು ನೋಡಿಕೊಂಡಳು. ‘ದಿನಾ ಎಷ್ಟ್ ಬೇಯಿಸ್ತೀನೋ. ಪಾಪ ಅನ್ನುಸ್ತದೆ. ಸಂಬ್ಳ ತಗೊಳ್ವಾಗ ಅನ್ಸಕಿಲ್ಲ.’

ಗುರುವಿಗೆ ಎಲ್ಲವನ್ನೂ ಹೇಳಿಬಿಡೋಣ ಅನ್ನಿಸಿದ್ದು ಆಗಲೇ. ಬಾಯಿ ತೆರೆದಿದ್ದ ಕೂಡ. ಜೇಬಿನಲ್ಲಿ ಫೋನು ಒಂದು ಸಲ ಗುಂಯ್ ಎಂದು ನಿಂತಿತು.

‘ನಡಿ ಅಕ್ಕ, ಬೋಟಿನ್ ಹತ್ರ ಹೋಗಮ’ ಎಂದ.

ಬೋಟಿನ ಟಿಕೆಟ್ ಕೊಂಡು ಕೆರೆ ಕಡೆಯ ಹುಲ್ಲಿನತ್ತ ಬಂದರು. ಬೆಂಚಿನ ಮೇಲೆ ಮೂವರು ಕೂತಿದ್ದರು. ಮಹದೇವಮ್ಮ ಮಂಡಿ ನೀವಿಕೊಳ್ಳುತ್ತಿದ್ದಳು. ರವಿಕುಮಾರನ ಬಿಳಿ ಷರ್ಟಿನಲ್ಲಿ ಅಂಗಡಿಯ ಮಡಿಕೆಗಳು ಇನ್ನೂ ಚೌಕ ಚೌಕವಾಗಿ ಎದ್ದು ಕಾಣುತ್ತಿದ್ದವು. ಪುಟ್ಟರಾಜು ಗುರುತು ಸಿಗಬಾರದೆಂದು ಕಪ್ಪು ಕನ್ನಡಕ ಹಾಕಿಕೊಂಡಿದ್ದ. ಚಿನ್ನಮ್ಮ ಜನ್ಮದಲ್ಲಿ ಅವನನ್ನು ನೋಡಿರಲಿಲ್ಲ.

ಪುಟ್ಟರಾಜು ಹೇಳಿದ್ದರಲ್ಲಿ ಮೊದಲನೆಯದು ನಡೆಸುವುದು.

‘ಅಕ್ಕ, ಅಲ್ಲೀಗಂಟ ನಡ್ಕೊಂಡೋಗಿ ಅದ್ಯಾವ್ ಹೂ ನೋಡ್ಕೊಂಡ್ ಬಾ.’

‘ಇಲ್ಲಿಂದ್ಲೇ ಕಾಣ್ತದಲ್ಲೋ. ಕಣಗಿಲೆ.’

‘ಹತ್ರದಿಂದ ನೋಡು.’

‘ನಮ್ಮಿತ್ಲಲ್ಲಿ ಇಲ್ವಾ ಕಣಗಿಲೆ? ಬಿಸ್ಲು ತಲೆಗೇರ್ತಾ ನಿಂಗೆ?’ ಎನ್ನುತ್ತಾ ಅವಳು ಹುಲ್ಲಿನ ಮೇಲೆ ಕಾಲು ನೀಡಿ ಕೂತು ಡಬ್ಬಿ ಬಿಚ್ಚಿದಳು. ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ. ಒಂದು ತುಂಡು ಬಾಯಿಗೆ ಹೋಗುವಷ್ಟರಲ್ಲಿ ಅವಳ ಕಣ್ಣು ಬೆಂಚಿನತ್ತ ಹೋಯಿತು.

‘ದೊಡ್ಡವ್ವೋ, ಮಂಡಿ ನೋವಾ? ದೂರ್ದಿಂದ ಬಂದ್ರಾ? ಬನ್ನಿ, ಒಂದ್ ರೊಟ್ಟಿ ತಿನ್ನಿ.’

‘ಅಕ್ಕ, ಗುರ್ತಿಲ್ಲದೋರ್ನೆಲ್ಲ...’ ಗುರು ತೊದಲಿದ.

‘ಗುರ್ತಿಲ್ಲ ಅಂದ್ರೆ ಅವರ್ಗೆ ಹೊಟ್ಟೆ ಇಲ್ವಾ? ಜಾಸ್ತಿನೇ ತಂದಿವ್ನಿ. ಬನ್ನಿ ಅಣ್ಣ, ನೀವೂ ಬನ್ನಿ. ಕನ್ನಡಕ ತಗೀರಿ, ಚಟ್ನಿ ಕಾಣದಿಲ್ಲ.’

ಬೇಡ ಎನ್ನಲು ಅವರಿಗೆ ಕಾರಣ ಸಿಗಲಿಲ್ಲ. ಮಹದೇವಮ್ಮ ಬೆಂಚಿನಿಂದ ಇಳಿದು ಬಂದಳು, ಉಳಿದಿಬ್ಬರು ಹಿಂದೆಯೇ ಬಂದರು. ಚಿನ್ನಮ್ಮ ಡಬ್ಬಿಯ ಮುಚ್ಚಳದಲ್ಲಿ ರೊಟ್ಟಿ ಹಾಕಿ ಒಬ್ಬೊಬ್ಬರಿಗೂ ಬಡಿಸಿದಳು. ಗಂಡಿನ ಕಡೆಯವರು ಕೂತಿದ್ದಾರೆ, ಹೆಣ್ಣು ತಿಂಡಿ ಕೊಡುತ್ತಿದ್ದಾಳೆ, ತಮ್ಮ ಕೈಕಟ್ಟಿ ನಿಂತಿದ್ದಾನೆ. ಇನ್ನು ಯಾವ ಮುಖದಿಂದ ಇದನ್ನು ಪಾರ್ಕು ಎನ್ನುವುದೆಂದು ಗುರುವಿಗೆ ತಿಳಿಯಲಿಲ್ಲ.

ಮಹದೇವಮ್ಮನ ಕಣ್ಣು ಬೆರಳ ಮೇಲೆ ಬಿತ್ತು. ‘ಯಾಕ್ ಕೂಸೆ, ಬೆರಳು ಇಂಗಾಗವೆ?’

ಮನೆಯಲ್ಲಾಗಿದ್ದರೆ ಕೈ ಸೆರಗಿನೊಳಗೆ ಹೋಗುತ್ತಿತ್ತು. ಇಲ್ಲಿ ಚಿನ್ನಮ್ಮ ಎರಡೂ ಕೈಯನ್ನು ಬಿಸಿಲಿಗೆ ಹಿಡಿದು ತೋರಿಸಿದಳು.

‘ನೂಲು ಬಿಚ್ತೀನಿ ದೊಡ್ಡವ್ವ. ಬಿಸ್ನೀರಲ್ಲಿ ಬೆಂದಿರೋ ಕೈ. ಇವನ್ನ ಐಟಿಐ ಓದ್ಸಿದ್ದೂ ಈ ಬೆರಳೇ. ಅದ್ಕೇ ನೋಡಿ, ಮೂತಿ ಒಸಿ ಬೆಂದಂಗೆ ಕಾಣ್ತದೆ.’

ರವಿಕುಮಾರ್ ಬಗ್ಗಿಕೊಂಡು ನಕ್ಕ.

‘ಮದ್ವೆ ಆಗಿಲ್ವಾ?’ ಮಹದೇವಮ್ಮ ಗುರುವಿನತ್ತ ಒಮ್ಮೆ ನೋಡಿ ಕೇಳಿದಳು.

‘ಅಯ್ಯೋ ಅದೊಂದ್ ಕತೆ ಬುಡಿ’ ಎಂದು ಶುರು ಮಾಡಿದ ಚಿನ್ನಮ್ಮ ಬಿಡಲಿಲ್ಲ. ಕಿಟಕಿ ಹತ್ತಿರ ಬಾ ಬೆಳಕಲ್ಲಿ ನೋಡಬೇಕು ಎಂದ ಅತ್ತೆಯಾಗಬೇಕಿದ್ದವಳನ್ನು ಸೆರಗು ಹೊದ್ದು ಮಾಡಿ ತೋರಿಸಿದಳು. ಹುಡುಗಿಯತ್ತ ನೋಡದೆ ಕೇಸರಿಬಾತಿನ ಪಾತ್ರೆಯನ್ನೇ ನೋಡುತ್ತಿದ್ದ ಸೋದರಮಾವನನ್ನು ಮಾಡಿ ತೋರಿಸಿದಳು. ಸ್ವತಃ ಸೋದರಮಾವನಾದ ಪುಟ್ಟರಾಜುವಿಗೆ ರೊಟ್ಟಿ ಗಂಟಲಲ್ಲಿ ಸಿಕ್ಕಿಕೊಂಡಿತು. ಮಹದೇವಮ್ಮ ಮೊದಲು ಬಿಗಿದುಕೊಂಡಿದ್ದಳು. ಆಮೇಲೆ ಅವಳ ಹೊಟ್ಟೆಯೂ ಕುಲುಕತೊಡಗಿತು.

‘ಅದ್ಕೇ ಸಾಕು ಅಂದ್ಬುಟ್ಟೆ’ ಎಂದು ಚಿನ್ನಮ್ಮ ಕಣ್ಣೊರೆಸಿಕೊಂಡಳು. ‘ಇವತ್ ನೋಡಿ, ಯಾರೂ ನನ್ ನೋಡಕ್ಕೆ ಬರ್ದೇ ಇರೋ ಜಾಗ್ದಲ್ಲಿ ಕುಂತಿವ್ನಿ. ಎಷ್ಟ್ ಹಾಯಾಗದೆ! ನನ್ ತಮ್ಮ ತಾನಾಗೇ ಕರ್ಕೊಂಡ್ ಬಂದ. ಸುಮ್ನೆ.’

ಮಹದೇವಮ್ಮ ಗುರುವನ್ನು ನೋಡಿದಳು. ಅವನು ಕಣಗಿಲೆ ಗಿಡವನ್ನು, ಜೀವನದಲ್ಲಿ ಕಣಗಿಲೆಯನ್ನೇ ಕಾಣದವನ ಹಾಗೆ, ನೋಡುತ್ತಾ ನಿಂತಿದ್ದ. ರವಿಕುಮಾರ್ ಕೈಯಲ್ಲಿದ್ದ ತುಂಡನ್ನು ಬಾಯಿಗಿಡಲಾರದೆ, ಕೆಳಗಿಡಲಾರದೆ ಹಿಡಿದುಕೊಂಡಿದ್ದ.

ಹೊರಡುವುದೇ ವಾಸಿ ಎಂದು ಮೂವರೂ ಎದ್ದರು. ಪುಟ್ಟರಾಜು ಕೈ ಒರೆಸಿಕೊಂಡ. ಚಪ್ಪಲಿಗೆ ಕಾಲು ತೂರಿಸಿದ. ತಿಂಡಿ ತಿಂದು ಚಪ್ಪಲಿ ಮೆಟ್ಟಿದ್ದೇ ತಡ, ನಾಲ್ಕಾರು ಅಕ್ಕಂದಿರ ಮಕ್ಕಳಿಗೆ ಹೆಣ್ಣು ನೋಡಿ ಪಳಗಿದ ಆ ಬಾಯಿ ತಾನಾಗಿಯೇ ಆಡಿತು:

‘ಆಗ್ಲಿ ಕಣಮ್ಮ, ಬತ್ತೀವಿ. ಊರ್ಗೋಗಿ ಹೇಳಿ ಕಳಿಸ್ತೀವಿ.’

ಡಬ್ಬಿ ಮುಚ್ಚುತ್ತಿದ್ದ ಚಿನ್ನಮ್ಮನ ಕೈ ನಿಂತಿತು.

ಅವಳು ತಲೆ ಎತ್ತಿ ಮೊದಲು ಪುಟ್ಟರಾಜುವನ್ನು ನೋಡಿದಳು. ಆಮೇಲೆ ಬಿಳಿ ಷರ್ಟಿನ ಮಡಿಕೆಗಳನ್ನು. ಆಮೇಲೆ ಮಂಡಿ ನೋವಿನಲ್ಲೂ ಪೆಟ್ಟಿಗೆಯಿಂದ ತೆಗೆದು ಉಟ್ಟಿದ್ದ ಮಹದೇವಮ್ಮನ ರೇಷ್ಮೆ ಸೀರೆಯನ್ನು. ಗುರುವನ್ನು ಕೊನೆಯಲ್ಲಿ ನೋಡಿದಳು. ಬಿಸಿಲಿನಲ್ಲಿದ್ದ ಬೆರಳುಗಳು ಒಂದೊಂದಾಗಿ ಸೆರಗಿನೊಳಗೆ ಹೋದವು.

‘ನಿನ್ ಬಾಯ್ಗೆ ಮಣ್ಣಾಕ’ ಎಂದು ಮಹದೇವಮ್ಮ ತಮ್ಮನ ತೋಳಿಗೆ ಬಡಿದಳು. ರವಿಕುಮಾರ್ ನೆಲ ನೋಡುತ್ತಾ, ‘ನಿಮ್ಗೆ ಗೊತ್ತದೆ ಅಂದ್ಕೊಂಡಿದ್ದೆ ಕಣ್ರೀ’ ಎಂದ. ‘ರೊಟ್ಟಿ ಚೆನ್ನಾಗಿತ್ತು’ ಎಂದು ಸೇರಿಸಿ, ಹಾಗೆ ಹೇಳಿದ್ದಕ್ಕೆ ತಾನೇ ಕೆಂಪಾದ.

ಅವರು ಹೋದ ಮೇಲೆ ಗುರು, ‘ಅಕ್ಕ...’ ಎಂದ.

‘ಬೋಟಿಗೆ ಟಿಕೆಟ್ ತಗೊಂಡಿದ್ಯಲ್ಲ. ನಡಿ.’

ತುಳಿಯುವ ಬೋಟು. ಇಬ್ಬರೂ ಪಕ್ಕಪಕ್ಕ ಕೂತು ತುಳಿದರು. ನಡು ಕೆರೆಗೆ ಬಂದರು. ಹಕ್ಕಿಗಳ ಮರ ಹತ್ತಿರ ಬಂತು. ಅವಳು ತಲೆ ಎತ್ತಲಿಲ್ಲ.

‘ಅವ್ವಂಗೂ ಗೊತ್ತಾ?’

‘ಹೂಂ.’

‘ಕವನಂಗೆ?’

ಗುರುವಿನ ಕಾಲು ನಿಂತಿತು. ‘ಕವನ... ನಿಂಗೆ ಯಾರು...’

‘ಮಿಸ್ ಕಾಲ್ ಬಂದಾಗೆಲ್ಲ ಹಿತ್ಲಿಗೆ ಓಡೋಯ್ತೀಯಲ್ಲ, ಅಲ್ಲೇನ್ ಕಡ್ಲೆ ಬಿತ್ತಿದ್ದೀಯಾ? ಫೋನಲ್ಲಿ ಹೆಸ್ರಿಡ್ದು ಕರೀತೀಯ, ನಂಗೇನ್ ಕಿವಿ ಇಲ್ವಾ? ತುಳಿ, ಬೋಟ್ ತಿರಿಕ್ಕೋತದೆ.’

ಅವನು ತುಳಿದ. ಅವಳು ನೀರಿನ ಕಡೆ ಮುಖ ಮಾಡಿಕೊಂಡೇ ಹೇಳಿದಳು.

‘ಅಕ್ಕ, ನಾನ್ ಮದ್ವೆ ಆಗ್ಬೇಕು, ನೀನೊಂದ್ಸಲ ತಟ್ಟೆ ಇಡ್ಕೊ ಅಂದಿದ್ರೆ ಇಡ್ಕೋತಿದ್ದೆ ಕಣೋ. ಹಸ್ರು ಸೀರೆನೂ ಉಡ್ತಿದ್ದೆ. ಸುಮ್ನೆ ಅಂದ್ಯಲ್ಲ.’

ನರಸೀಪುರದ ಬಸ್ಸಿನಲ್ಲಿ ಅವಳು ಮುಂದಿನ ಹೆಂಗಸರ ಸೀಟಿನಲ್ಲಿ ಕೂತಳು. ಪಕ್ಕದಲ್ಲಿ ಜಾಗವಿತ್ತು. ಗುರು ಹಿಂದೆ ನಿಂತೇ ಬಂದ.

ಅವನ ಲೆಕ್ಕದ ಪ್ರಕಾರ ಇಲ್ಲಿಗೆ ಸಂಬಂಧ ಮುರಿದ ಹಾಗೆಯೇ. ಆದರೆ ಆ ವಾರದಲ್ಲೇ ಪುಟ್ಟರಾಜು ಮೆಷಿನ್ನಿನ ಹತ್ತಿರ ಬಂದು ಕೈ ಕುಲುಕಿದ. ‘ನಮ್ಮಕ್ಕ ಒಪ್ಪವಳೆ ಕಣ್ಲಾ! ಅಂತಾ ಬಾಯಿ ನಮ್ಮನೆಗೆ ಬೇಕು ಅಂದ್ಳು. ಉಡುಗನೂ ಹೂಂ ಅಂದವ್ನೆ.’ ಬದುಕಿನಲ್ಲಿ ಮೊದಲ ಸಲ ಆ ಮನೆಗೆ ಯಾರೋ ಹೇಳಿ ಕಳಿಸಿದ್ದರು. ಮಾದಮ್ಮ ದೇವರ ಮುಂದೆ ದೀಪ ಹಚ್ಚಿ ಮಗಳ ಕಡೆ ತಿರುಗಿದಳು.

ಚಿನ್ನಮ್ಮ ಅಕ್ಕಿ ಆರಿಸುತ್ತಿದ್ದಳು. ಮೊರದಿಂದ ಕಣ್ಣೆತ್ತಲಿಲ್ಲ.

‘ಹೇಳಿ ಕಳಿಸ್ತೀನಿ ಅನ್ನು.’

‘ಏನಂತ?’ ಎಂದಳು ಮಾದಮ್ಮ.

‘ಅಷ್ಟೇ. ಚಿನ್ನಮ್ಮ ಹೇಳಿ ಕಳಿಸ್ತಾಳಂತೆ ಅನ್ನು.’

ಆಯುಧಪೂಜೆಗೆ ಮೆಷಿನ್ನಿಗೆ ಕುಂಬಳಕಾಯಿ ಒಡೆದರು. ದೀಪಾವಳಿ ಬಂದು ಹೋಯಿತು. ಚಿನ್ನಮ್ಮ ಏನೂ ಹೇಳಿ ಕಳಿಸಲಿಲ್ಲ. ಪುಟ್ಟರಾಜು ಟೀ ಹೊತ್ತಿನಲ್ಲಿ ಬೇರೆ ಕಡೆ ಕೂರತೊಡಗಿದ. ಕವನ ದಿನವೂ ‘ಏನಾಯ್ತು?’ ಎನ್ನುತ್ತಿದ್ದಳು. ಗುರು ನಡೆದದ್ದನ್ನು ಅವಳಿಗೆ ಹೇಳಿದಾಗ, ‘ನನ್ನ ಹೆಸ್ರಲ್ಲಿ ಇಂಥ ಕೆಲ್ಸ ಮಾಡಿದ್ರಾ?’ ಎಂದು ಕೇಳಿ, ಕೈಯಲ್ಲಿದ್ದ ಲೇಬಲ್ಲನ್ನು ಪೆಟ್ಟಿಗೆಗೆ ತಲೆಕೆಳಗಾಗಿ ಅಂಟಿಸಿದಳು. ಮನೆಯಲ್ಲಿ ಅಕ್ಕ ಮುಂಚಿನಂತೆಯೇ ಊಟ ಬಡಿಸುತ್ತಿದ್ದಳು, ಮುಂಚಿನಂತೆಯೇ ಷರ್ಟು ಒಗೆದು ಹಾಕುತ್ತಿದ್ದಳು. ಬೈದಿದ್ದರೆ ಅವನು ನಿದ್ದೆ ಮಾಡುತ್ತಿದ್ದ.

ಏನಾದರೂ ಮಾಡಲೇಬೇಕೆಂದು ಒಂದು ದಿನ ನಂಜನಗೂಡಿನಿಂದ ಕೈಗೆ ಹಚ್ಚುವ ಕ್ರೀಮಿನ ಡಬ್ಬಿ ತಂದುಕೊಟ್ಟ. ಅವಳು ಮುಚ್ಚಳ ತೆಗೆದು ಮೂಸಿ ನೋಡಿದಳು.

‘ಚೆನ್ನಾಗದೆ. ಇದು ಯಾರ್ ನೋಡಕ್ಕೆ?’

ತಂಗಳು ಮೆದ್ದವನ ಹಾಗೆ ಅವನು ಆ ಮಾತನ್ನು ನುಂಗಿಕೊಂಡು ಕೆಲಸಕ್ಕೆ ಹೋದ. ಕೆಂಪು ಗುಂಡಿ ಒತ್ತಬೇಕಾದಲ್ಲಿ ಮರೆತು ನಿಂತು, ಒಂದು ಗಾಡಿ ತುಂಬುವಷ್ಟು ರಟ್ಟು ಹಾಳು ಮಾಡಿ, ಮೇನೇಜರನಿಂದ ಬೈಸಿಕೊಂಡ. ಬೈಸಿಕೊಂಡದ್ದರಿಂದ ಸ್ವಲ್ಪ ಸಮಾಧಾನವೂ ಆಯಿತು.

ಚಳಿ ಶುರುವಾದ ಮೇಲೆ ಒಂದು ಸಂಜೆ ಅವನು ಅಕ್ಕನ ಮುಂದೆ ಕೂತ.

‘ಅಕ್ಕ, ಇನ್ನೊಂದ್ಸಲ ಪಾರ್ಕಿಗೆ ಹೋಗಮ. ಯಾರೂ ಇರಕಿಲ್ಲ. ಅವ್ವನಾಣೆ.’ ಸುಮ್ನೆ ಎಂಬ ಪದ ನಾಲಿಗೆಯವರೆಗೆ ಬಂದು ಅಲ್ಲೇ ನಿಂತಿತು. ಅದನ್ನು ಆಡುವ ಹಕ್ಕು ತನಗಿಲ್ಲ ಅನ್ನಿಸಿತ್ತು.

ಅವಳು ಅವನನ್ನು ನೋಡಿದಳು. ‘ಶೆಡ್ಡಲ್ಲಿ ಎಲ್ರೂ ಕೇಳ್ತವ್ರೆ, ಬೋಟು ಎಂಗಿತ್ತು ಅಂತ. ನಂಗೆ ಏನೂ ಗ್ಯಾಪ್ಕ ಇಲ್ಲ. ನಡಿ.’

ಅದೇ ಹಳದಿ ಸೀರೆ, ಅದೇ ಗೇಟು. ಗುರು ಕಾರ್ಖಾನೆಯಲ್ಲಿ ಯಾರಿಗೂ ಹೇಳಿರಲಿಲ್ಲ, ಫೋನನ್ನು ಮನೆಯಲ್ಲೇ ಬಿಟ್ಟಿದ್ದ. ಬಿದಿರ ಮೆಳೆಯ ಹತ್ತಿರ ಒಂದು ಕುಟುಂಬ ಬುತ್ತಿ ಬಿಚ್ಚುತ್ತಿತ್ತು.

‘ಅವ್ರ್ಯಾರು?’

‘ಗೊತ್ತಿಲ್ಲ ಅಕ್ಕ.’

ಸ್ವಲ್ಪ ಮುಂದೆ ಬೆಂಚಿನ ಮೇಲೆ ಬಿಳಿ ಷರ್ಟಿನವನೊಬ್ಬ ಪೇಪರ್ ಓದುತ್ತಿದ್ದ. ‘ಅವ್ನು?’

‘ಅಕ್ಕ, ಆಣೆ ಮಾಡಿವ್ನಲ್ಲ...’

‘ಆಣೆ ಮಾಡಿದ್ದೀಯ. ನಂಬ್ತೀನಿ’ ಎಂದಳು. ಆದರೆ ಅವಳ ಎರಡೂ ಕೈಗಳು ಸೆರಗಿನೊಳಗೆ ಗಂಟಾಗಿದ್ದವು. ಮುದುಕಿಯೊಬ್ಬಳು ಎದುರಿಗೆ ಬಂದಾಗ ಸೆರಗು ಸರಿ ಮಾಡಿಕೊಂಡಳು. ಹೆಜ್ಜೆ ಚಿಕ್ಕದಾಯಿತು. ನಿಂತುಕೊಳ್ಳುವ ಸೀರೆಯಲ್ಲಿ ನಡೆಯುವವಳ ಹೆಜ್ಜೆ ಅದು. ಚಪ್ಪಲಿ ಕಾಲಲ್ಲೇ ಇತ್ತು. ಹಕ್ಕಿಗಳು ಮರದ ಮೇಲೆ ಮುಂಚಿನ ಹಾಗೆಯೇ ಕೂತಿದ್ದವು. ಅವಳು ಬೆಂಚುಗಳನ್ನು ನೋಡುತ್ತಿದ್ದಳು.

ಬಲೆಮನೆ ತಲುಪುವ ಮೊದಲೇ ಅವಳು ನಿಂತಳು.

‘ಗುರು, ನೀನ್ ಓಗಿ ಗೇಟಲ್ಲಿ ಕುಂತಿರು.’

‘ಯಾಕಕ್ಕ?’

‘ನೀನ್ ಪಕ್ಕದಲ್ಲಿದ್ರೆ ನಂಗೆ ಎಲ್ರೂ ಗಂಡಿನ್ ಕಡೆಯೋರಂಗೇ ಕಾಣ್ತಾರೆ. ಕೋಪ ಅಲ್ಲ ಕಣೋ. ಕಾಣ್ತಾರೆ, ಏನ್ ಮಾಡ್ಲಿ? ಡಬ್ಬಿ ನಿನ್ ಹತ್ರನೇ ಇರ್ಲಿ.’ ನಾಲ್ಕು ಹೆಜ್ಜೆ ಹೋದವಳು ತಿರುಗಿದಳು. ‘ಕವಲಂದೆಯೋರಿಗೆ ಏನಾರ ಒಂದ್ ಹೇಳ್ಬೇಕು ಅಂತ ನಂಗೂ ಅದೆ. ನಿನ್ ಕವನ ಎಷ್ಟ್ ದಿನ ಅಂತ ಕಾಯ್ತಾಳೆ? ನಾಳೆ ಯೋಚ್ನೆ ಮಾಡ್ತೀನಿ. ಇವತ್ತಲ್ಲ. ಇವತ್ ನಾನ್ ಸುಮ್ನೆ ಬಂದಿರೋದು.’

ಗುರು ಗೇಟಿನ ಪಕ್ಕದ ಕಟ್ಟೆಯ ಮೇಲೆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಅಕ್ಕ ತನ್ನನ್ನು ಹೀಗೆ ಕೂರಿಸಿ ಹೋದದ್ದು ಇದು ಮೊದಲಲ್ಲ. ಚಿಕ್ಕಂದಿನಲ್ಲಿ ಶೆಡ್ಡಿನ ಬಾಗಿಲಲ್ಲಿ ಕೂರಿಸಿ, ‘ಅಲ್ಲಾಡಬ್ಯಾಡ, ಬತ್ತೀನಿ’ ಎಂದು ಒಳಗೆ ಹೋಗುತ್ತಿದ್ದಳು. ಆಗ ಅವನು ಅಳುತ್ತಿದ್ದ. ಈಗ ಮೆಷಿನ್ ಆಪರೇಟರ್, ಅಳುವ ಹಾಗಿಲ್ಲ.

‘ಯಾಕ್ ಸಾ, ತಿರ್ಗಾ ಒಳ್ಗೆ ಓಗಕಿಲ್ವಾ? ಟಿಕೆಟ್ ತಗೊಂಡಿದ್ದೀರಲ್ಲ’ ಎಂದ ಕಾವಲುಗಾರ.

‘ಇಲ್ಲ. ನಮ್ಮಕ್ಕ ಹೋಗವ್ಳೆ.’

ಬಹಳ ಹೊತ್ತಾದ ಮೇಲೆ ನೀರಿನ ಆಚೆ ದಡದಲ್ಲಿ ಬಿದಿರ ಮೆಳೆಗಳ ಸಂದಿಯಿಂದ ಹಳದಿ ಬಣ್ಣ ಕಾಣಿಸಿತು. ಚಪ್ಪಲಿ ಕೈಗೆ ಬಂದಿತ್ತು. ಇನ್ನೊಂದು ಕೈ ಸೆರಗಿನ ಹೊರಗಿತ್ತು. ಅವಳು ಆ ಕೈ ಎತ್ತಿ ಮರದ ಮೇಲಿನ ಯಾವುದೋ ಹಕ್ಕಿಯನ್ನು, ಪಕ್ಕದಲ್ಲಿ ಯಾರೂ ಇಲ್ಲದಿದ್ದರೂ, ತೋರಿಸಿದಳು.

ಗುರು ಎದ್ದು ಕೈ ಬೀಸಲು ಹೋದ. ಅರ್ಧಕ್ಕೇ ಕೈ ಇಳಿಸಿ, ಮತ್ತೆ ಕಟ್ಟೆಯ ಮೇಲೆ ಕೂತು, ಕೆರೆಗೆ ಬೆನ್ನು ಮಾಡಿ ರಸ್ತೆಯ ಕಡೆ ತಿರುಗಿಕೊಂಡ. ಅವಳನ್ನು ಯಾರೂ ನೋಡುತ್ತಿರಬಾರದು, ತಾನೂ.